ಹೆಸರಿನ ಫಲಕ, ಅದರ ಹಿಂದಿನ ಗೋಡೆ: ನಮ್ಮೂರ ಮಾಜಿ ಸೈನಿಕರ ಭವನದ ದುರಸ್ತಿ

ಡಿಸೆಂಬರ್ 16, ವಿಜಯ ದಿವಸ. ಹುತಾತ್ಮರ ಫಲಕಕ್ಕೆ ಹಾರ ಹಾಕಲು ಏಣಿ ಹತ್ತಿದ ಹುಡುಗ ಆಸರೆಗೆಂದು ಫಲಕದ ಕೆಳಗಿನ ಅಂಚು ಹಿಡಿದ. ಹಿಡಿದಷ್ಟು ಮರ ಪುಡಿಯಾಗಿ ಅವನ ಅಂಗೈಗೆ ಬಂತು. ಕೆಳಗೆ ಇಳಿದು ಕೈ ಚಾಚಿ ನನಗೆ ತೋರಿಸಿದ. ಕಂದು ಪುಡಿ, ಅದರ ಮೇಲೆ ಕಪ್ಪು ಬಣ್ಣದ ಚಕ್ಕೆ, ಒಂದು ಚಕ್ಕೆಯ ಮೇಲೆ ಬಿಳಿ ಅಕ್ಷರದ ಒಂದು ಕೊಂಬು. ಆ ಕೊಂಬು ಯಾರ ಹೆಸರಿನದು ಎಂದು ಅಲ್ಲಿ ನಿಂತಿದ್ದ ನಲವತ್ತು ಜನರಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ಈ ದುರಸ್ತಿ ಶುರುವಾದದ್ದು ಅಲ್ಲಿಂದ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಪೇಟೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1899ರಲ್ಲಿ ಹುಟ್ಟಿದ ಶನಿವಾರಸಂತೆ ಇರುವುದೂ ನಮ್ಮ ಈ ಕಡೆಯೇ. ಇಲ್ಲಿ ಸೇನೆಗೆ ಹೋಗುವುದು ಕಾಫಿ ಗಿಡಕ್ಕೆ ಕಪಾತು ಮಾಡಿದಷ್ಟೇ ಸಹಜ. ಎರಡನೇ ಮಹಾಯುದ್ಧ ಮುಗಿಸಿ ಬಂದವರು ಕೂಡಿ ಈ ಭವನ ಕಟ್ಟಿದರು. ಆಗ ಕೊಡಗು ಪ್ರತ್ಯೇಕ ಪ್ರಾಂತ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕಟ್ಟಿದವರಲ್ಲಿ ಈಗ ಯಾರೂ ಇಲ್ಲ. 40 ಅಡಿ ಉದ್ದ, 20 ಅಡಿ ಅಗಲದ ಒಂದೇ ಹಾಲು, ಮುಂದೆ ಎಂಟು ಅಡಿ ಜಗಲಿ, ಹಿಂದೆ ಒಂದು ಅಡುಗೆಮನೆ. ಕಲ್ಲಿನ ತಳಪಾಯ, ಸುಣ್ಣದ ಗಾರೆಯಲ್ಲಿ ಕಟ್ಟಿದ ಹದಿಮೂರೂವರೆ ಇಂಚಿನ ಇಟ್ಟಿಗೆ ಗೋಡೆ, ಮಂಗಳೂರು ಹೆಂಚಿನ ಮಾಡು, ಕೆಂಪು ಕಾವಿ ನೆಲ. ತಿಂಗಳ ಮೊದಲ ಶನಿವಾರ ಸಭೆ. ಪಿಂಚಣಿ ನಿಂತವರು, ಜೀವಿತ ಪ್ರಮಾಣಪತ್ರ ಕೊಡಬೇಕಾದವರು, ಗಂಡ ತೀರಿಕೊಂಡ ಮೇಲೆ ಯಾವ ಕಾಗದ ಯಾರಿಗೆ ಕೊಡಬೇಕೆಂದು ಗೊತ್ತಾಗದ ಹೆಂಗಸರು, ಎಲ್ಲರೂ ಬರುವುದು ಇಲ್ಲಿಗೇ.

ನಾನು ಮದ್ರಾಸ್ ಸ್ಯಾಪರ್ಸ್‌ನವನು. 1780ರಿಂದ ಇರುವ ಎಂಜಿನಿಯರ್ ಪಡೆ, ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಪಕ್ಕ. ನಮ್ಮನ್ನು ಸೇನೆಯಲ್ಲಿ ಎಲ್ಲರೂ ಕರೆಯುವುದು ‘ತಂಬಿ’ ಎಂದು. ಸೇತುವೆ, ಬಂಕರ್, ರಸ್ತೆ ಮಾಡಿದ್ದೇನೆ. ಹಳೇ ಕಟ್ಟಡ ಮುಟ್ಟಿದ್ದು ಇದೇ ಮೊದಲು.

ಅದೇ ವಾರ ಸಂಘದ ಸಭೆ ಸೇರಿತು. ಹೆಂಚು ಇಳಿಸಿ ಶೀಟು ಹಾಕಿಸೋಣ, ಗೋಡೆಗೆ ಎದೆಮಟ್ಟ ಟೈಲ್ಸ್ ಅಂಟಿಸೋಣ, ಮರದ ಫಲಕ ತೆಗೆದು ಗ್ರಾನೈಟಿನಲ್ಲಿ ಹೆಸರು ಕೆತ್ತಿಸೋಣ ಎಂಬ ಮಾತು ಬಂತು. ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಒಳ್ಳೆಯದೇ. ಆದರೆ ನನ್ನ ಪ್ರಶ್ನೆ ಒಂದೇ ಇತ್ತು: ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಏನೂ ಆಗದೆ ನಿಂತ ಸಾಗುವಾನಿ ಹಲಗೆ ಈಗ ಯಾಕೆ ಪುಡಿಯಾಯಿತು? ಅದು ಗೊತ್ತಾಗದೆ ಗ್ರಾನೈಟ್ ಹಾಕಿದರೆ ಅದರ ಹಿಂದೆಯೂ ಅದೇ ನಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಮಳೆಗಾಲದವರೆಗೆ ಸಮಯ ಕೊಡಿ ಎಂದೆ. ಹಿರಿಯ ಸುಬೇದಾರರೊಬ್ಬರು “ಕಾರಣ ಹುಡುಕಲಿ ಬಿಡಿ, ಅವನ ಕೆಲಸವೇ ಅದು” ಎಂದರು. ಮಾತು ಅಲ್ಲಿಗೆ ನಿಂತಿತು.

ಮರುದಿನ ಆರು ಜನ ಸೇರಿ ಫಲಕ ಇಳಿಸಿದೆವು. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ನಂಬರು, ರ‍್ಯಾಂಕು, ಹೆಸರು, ಪಡೆ, ವರ್ಷ. ಬರ್ಮಾದಲ್ಲಿ ಸತ್ತವರಿಂದ ಶುರುವಾಗಿ 1947-48ರ ಕಾಶ್ಮೀರ, 1962, 1965, 1971, ಶ್ರೀಲಂಕಾ, ಕಾರ್ಗಿಲ್. ಗೋಡೆಗೆ ನೇರವಾಗಿ ಮೊಳೆ ಹೊಡೆದು ಕೂರಿಸಿದ್ದರು, ಹಿಂದೆ ಗಾಳಿಯಾಡಲು ಒಂದು ನೂಲಿನಷ್ಟೂ ಜಾಗ ಬಿಟ್ಟಿರಲಿಲ್ಲ. ಹಿಂಬದಿ ಪೂರ್ತಿ ಬೂಷ್ಟು, ಕೆಳಗಿನ ಒಂದು ಗೇಣು ಹಿಟ್ಟಿನಂತಾಗಿತ್ತು. ಪಕ್ಕದಲ್ಲಿ ತೂಗುಹಾಕಿದ್ದ ಕಾರ್ಯಪ್ಪ, ಜನರಲ್ ತಿಮ್ಮಯ್ಯ, ಸ್ಕ್ವಾಡ್ರನ್ ಲೀಡರ್ ದೇವಯ್ಯ ಮೂವರ ಫೋಟೋಗಳ ಹಿಂದಿನ ರಟ್ಟೂ ಒದ್ದೆ.

ಎಲ್ಲರೂ ಮಾಡಿನತ್ತ ಬೆರಳು ತೋರಿಸಿದರು. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಸೋರಿದ ನೀರಿಗೆ ಗೋಡೆಯ ಮೇಲಿನಿಂದ ಕೆಳಗೆ ಹರಿದ ಗುರುತು ಇರಬೇಕು. ಇಲ್ಲಿ ಕಲೆ ಇದ್ದದ್ದು ನೆಲದಿಂದ ಮೇಲಕ್ಕೆ, ಸುಮಾರು ನಾಲ್ಕೂವರೆ ಅಡಿವರೆಗೆ. ಅದರ ಮೇಲಂಚು ಅಲೆಯಂತೆ ಏರಿಳಿದಿತ್ತು. ಮೇಲುಗಡೆ ಗೋಡೆ ಒಣಗಿತ್ತು. ಒಂದು ಪರೀಕ್ಷೆ ಮಾಡಿದೆ, ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ ಎರಡು ರಾತ್ರಿ ಬಿಡಬೇಕು. ಹನಿ ಹಾಳೆಯ ಹೊರಮೈ ಮೇಲೆ ಕೂತರೆ ಅದು ಕೋಣೆಯ ಗಾಳಿಯ ತೇವ. ಒಳಮೈ ಮೇಲೆ ಕೂತರೆ ಗೋಡೆಯೇ ನೀರು ಬಿಡುತ್ತಿದೆ. ನಮ್ಮ ಹಾಳೆಯ ಒಳಮೈ ಮೇಲೆ ಹನಿ ಸಾಲುಸಾಲಾಗಿ ನಿಂತಿತ್ತು. ಮಳೆ ನಿಂತು ಎರಡು ತಿಂಗಳಾಗಿದ್ದ ಡಿಸೆಂಬರಿನಲ್ಲಿ.

ಉಳಿಯಿಂದ ಗಾರೆ ಒಂದು ಕಡೆ ಕೆತ್ತಿದಾಗ ಕಥೆ ಗೊತ್ತಾಯಿತು. ಹಿಂದೆ ಯಾವಾಗಲೋ ಪಶ್ಚಿಮದ ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಗಾರೆ ಬಳಿದಿದ್ದರು. ಸುಣ್ಣದ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಅದರ ಸ್ವಭಾವವೇ ಹಾಗೆ, ಅದರಿಂದ ಗೋಡೆಗೆ ತೊಂದರೆ ಇಲ್ಲ. ಎರಡೂ ಮೈಗೆ ಸಿಮೆಂಟ್ ಹೊದಿಸಿದರೆ ಕುಡಿದ ನೀರು ಹೊರಗೆ ಹೋಗಲು ದಾರಿ ಇರುವುದಿಲ್ಲ, ಇಟ್ಟಿಗೆಯೊಳಗೇ ಮೇಲಕ್ಕೆ ಏರುತ್ತದೆ. ಇನ್ನೊಂದು ಕಾರಣ ಹೊರಗೆ ಇತ್ತು. ಪಕ್ಕದ ರಸ್ತೆಗೆ ಪದರದ ಮೇಲೆ ಪದರ ಹಾಕಿ ಹಾಕಿ ಅದು ಈಗ ನಮ್ಮ ಒಳನೆಲಕ್ಕಿಂತ ಐದು ಇಂಚು ಎತ್ತರದಲ್ಲಿದೆ. ತಳಪಾಯದ ಕಲ್ಲು ಪೂರ್ತಿ ಮಣ್ಣಿನಡಿ. ಸೂರಿನ ನೀರೂ ರಸ್ತೆಯ ನೀರೂ ಗೋಡೆಯ ಬುಡದಲ್ಲೇ ನಿಲ್ಲುತ್ತಿದ್ದವು. ಹೆಸರುಗಳನ್ನು ಅಳಿಸಿದ್ದು ಆ ನೀರು.

ಜನವರಿಯ ಮೊದಲ ಎರಡು ವಾರ ಹಾರೆ, ಪಿಕಾಸಿ, ಗುದ್ದಲಿ ಅಷ್ಟೇ. ಭಾನುವಾರಗಳಲ್ಲಿ ಇಪ್ಪತ್ತು ಜನರವರೆಗೂ ಬಂದರು, ಸೇನೆಯಲ್ಲಿ ಮೈಮುರಿವ ಕೆಲಸದ ಪಾಳಿಗೆ, ಫಟೀಗ್ ಡ್ಯೂಟಿಗೆ, ಬಂದ ಹಾಗೆ ಏಳು ಗಂಟೆಗೆ ಸರಿಯಾಗಿ. ಪಶ್ಚಿಮದ ಗೋಡೆಯ ಉದ್ದಕ್ಕೂ ಎರಡಡಿ ಅಗಲ, ಎರಡೂಕಾಲು ಅಡಿ ಆಳದ ಕಾಲುವೆ ತೋಡಿದೆವು. ತಳಪಾಯದ ಬುಡಕ್ಕಿಂತ ಕೆಳಗೆ ಹೋಗಬಾರದು ಎಂಬುದು ಮಾತ್ರ ನೆನಪಿಡಬೇಕು, ಹೋದರೆ ಗೋಡೆ ಕೂರುತ್ತದೆ. ಆದ್ದರಿಂದ ಒಟ್ಟಿಗೆ ತೋಡದೆ ಐದೈದು ಅಡಿ ತೋಡಿ, ನೋಡಿ, ಮುಂದೆ ಹೋದೆವು. ತಳಕ್ಕೆ ನಲವತ್ತು ಅಡಿಗೆ ಐದು ಇಂಚಿನ ಇಳಿಜಾರು ಕೊಟ್ಟು, ಮಧ್ಯೆ ತೂತಿನ ಪೈಪು ಮಲಗಿಸಿ, ಮೇಲೆ ದಪ್ಪ ಜಲ್ಲಿ ತುಂಬಿಸಿದೆವು. ಕೊನೆ ಹಿಂದಿನ ತೋಡಿಗೆ ಬಿಟ್ಟಿದೆ. ರಸಮಟ್ಟ ನಂಬದೆ ಎರಡು ಕೊಡ ನೀರು ಸುರಿದು ಹರಿವು ನೋಡಿಕೊಂಡೆ. ಮೂವತ್ತು ಅಡಿಯ ಹತ್ತಿರ ನೀರು ನಿಂತಿತು. ಅಷ್ಟನ್ನು ಮತ್ತೆ ಎತ್ತಿ ಸರಿಮಾಡಿದೆವು.

ಆಮೇಲೆ ಸಿಮೆಂಟ್ ತೆಗೆಯುವ ಕೆಲಸ. ಯಂತ್ರ ಬೇಡ ಎಂದೆ. ಯಂತ್ರದ ಪೆಟ್ಟಿಗೆ ಸಿಮೆಂಟಿನ ಜೊತೆ ಇಟ್ಟಿಗೆಯ ಮುಖವೂ ಕಿತ್ತು ಬರುತ್ತದೆ. ಸಣ್ಣ ಉಳಿ, ಸುತ್ತಿಗೆ, ಅಂಚಿನಿಂದ ಎಬ್ಬಿಸುತ್ತಾ ಹೋಗುವುದು. ಹನ್ನೊಂದು ದಿನ ಹಿಡಿಯಿತು. ಒಳಗಿನ ಇಟ್ಟಿಗೆ ಕೈಗೆ ತಣ್ಣಗೆ ತಾಗುತ್ತಿತ್ತು, ಮಡಕೆಯ ಹೊರಮೈ ಮುಟ್ಟಿದ ಹಾಗೆ. ಒಂದು ವಾರದಲ್ಲಿ ಗೋಡೆಯ ತುಂಬಾ ಬಿಳಿ ಅರಳೆಯಂಥ ಉಪ್ಪು ಹೂಬಿಟ್ಟಿತು. ಇದನ್ನು ನೀರು ಹಾಕಿ ತೊಳೆಯಲೇಬಾರದು, ಕರಗಿ ವಾಪಸ್ ಒಳಗೆ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ಕೆಳಗೆ ಹಾಸಿದ ಬಟ್ಟೆಯಲ್ಲಿ ಹಿಡಿದು, ದೂರ ಚೆಲ್ಲಬೇಕು. ವಾರಕ್ಕೊಮ್ಮೆಯಂತೆ ಆರು ಸಲ ಉಜ್ಜಿದೆವು. ಆರನೇ ಸಲಕ್ಕೆ ಬ್ರಷ್ಷಿಗೆ ಸಿಕ್ಕಿದ್ದು ಒಂದು ಚಿಟಿಕೆ.

ಇಂಚು ದಪ್ಪಕ್ಕೆ ಒಂದು ತಿಂಗಳು ಒಣಗಬೇಕು ಎಂಬ ಲೆಕ್ಕವಿದೆ. ಎರಡೂ ಕಡೆಯಿಂದ ಒಣಗಿದರೂ ನಮ್ಮ ಗೋಡೆಗೆ ಆರು ತಿಂಗಳ ಮೇಲೆ ಬೇಕು. ಅಷ್ಟು ಸಮಯ ನಮಗಿರಲಿಲ್ಲ, ಜೂನಿಗೆ ಮಳೆ. ಸುಣ್ಣದ ಗಾರೆಯಾದರೆ ಒಳಗೆ ಸ್ವಲ್ಪ ತೇವ ಉಳಿದರೂ ಅದರ ಮೂಲಕವೇ ಒಣಗುತ್ತಾ ಹೋಗುತ್ತದೆ ಎಂಬ ಧೈರ್ಯದ ಮೇಲೆ ಮುಂದುವರಿದೆ.

ಗೋಡೆ ಒಣಗಲು ಬಿಟ್ಟು ಫೆಬ್ರವರಿಯಲ್ಲಿ ಮಾಡಿಗೆ ಕೈ ಹಾಕಿದೆವು. ಮಾಡು ಮುಖ್ಯ ಅಪರಾಧಿಯಲ್ಲ ನಿಜ, ಆದರೆ ಪಶ್ಚಿಮದ ಸೂರಿನಲ್ಲಿ ಕೆಲವು ಪಕಾಸುಗಳ, ಅಂದರೆ ಹೆಂಚಿನ ಭಾರ ಹೊರುವ ಇಳಿಜಾರು ಮರಗಳ, ತುದಿ ಮೆತ್ತಗಾಗಿತ್ತು. ಹೇಗೂ ಹೆಂಚು ಕೈಯಾಡಿಸಿ ಎಷ್ಟೋ ವರ್ಷವಾಗಿತ್ತು.

ಹೆಂಚು ಇಳಿಸಿದಾಗ ಒಂದು ಚರ್ಚೆ ಎದ್ದಿತು. ಕೆಲವು ಹೆಂಚಿನ ಬೆನ್ನಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂದು ಅಚ್ಚಿತ್ತು. ಹುಡುಗರಿಗೆ ಖುಷಿಯೋ ಖುಷಿ, ಭವನ 1865ರದ್ದು ಎಂದು ಫೋಟೋ ಹೊಡೆದರು. 1865 ಎಂಬುದು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇತ್ರಾವತಿ ದಂಡೆಯ ಮಣ್ಣಿನಿಂದ ಹೆಂಚು ಮಾಡಲು ಕಾರ್ಖಾನೆ ಶುರುಮಾಡಿದ ವರ್ಷ. ಆಮೇಲೆ ಸುಟ್ಟ ಹೆಂಚಿನ ಮೇಲೂ ಅದೇ ವರ್ಷ ಅಚ್ಚಾಗುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಕಾರ್ಖಾನೆಗಳು ಸರ್ಕಾರದ ವಶವಾಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ನಮ್ಮ ಮಾಡಿನಲ್ಲಿ ಎರಡೂ ಹೆಸರಿನ ಹೆಂಚುಗಳಿದ್ದವು. ಎಂದರೆ ಕಟ್ಟಿದವರು ಯಾವುದೋ ಹಳೇ ಕಟ್ಟಡದ ಹೆಂಚನ್ನು ಕೊಂಡೋ ಬೇಡಿಯೋ ತಂದಿದ್ದಾರೆ. ಯುದ್ಧ ಮುಗಿಸಿ ಬಂದ ಸಿಪಾಯಿಗಳ ಕೈಯಲ್ಲಿ ಎಷ್ಟು ದುಡ್ಡಿತ್ತು ಎಂದು ಆ ಮಿಶ್ರ ಹೆಂಚುಗಳೇ ಹೇಳುತ್ತವೆ. 1865ರದ್ದು ಎಂದು ಸುಳ್ಳು ಹಿರಿಮೆ ಈ ಭವನಕ್ಕೆ ಬೇಕಿಲ್ಲ.

ಒಟ್ಟು 2,300ರಷ್ಟು ಹೆಂಚು. ಒಂದೊಂದನ್ನೂ ಎತ್ತಿ ಗೆಣ್ಣಿನಿಂದ ತಟ್ಟಿ ನೋಡಿದೆವು. ಗಟ್ಟಿ ಹೆಂಚು ಕಂಚಿನಂತೆ ಠಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಬೊಡ್ಡು ಸದ್ದು ಬರುತ್ತದೆ. 310 ತೆಗೆದುಹಾಕಿದೆವು. ಕೆಡವುತ್ತಿದ್ದ ಒಂದು ಹಳೇ ಮನೆಯಿಂದ 400 ಸಿಕ್ಕವು. ಇಲ್ಲೊಂದು ಮಾತು ಹೇಳಬೇಕು: ಬೇರೆ ಬೇರೆ ಕಾರ್ಖಾನೆಯ ಹೆಂಚು ನೋಡಲು ಒಂದೇ ಥರ ಇದ್ದರೂ ತೋಡು ಮತ್ತು ದಿಂಡು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಎರಡು ನೂಲಿನ, ಅಂದರೆ ಕಾಲು ಇಂಚಿನ, ವ್ಯತ್ಯಾಸ ಸಾಕು, ಗಾಳಿಮಳೆಗೆ ನೀರು ನುಗ್ಗಲು. ಆದ್ದರಿಂದ ಗುರುತು ನೋಡಿ ವಿಂಗಡಿಸಿ, ಮಳೆ ಹೊಡೆಯುವ ಪಶ್ಚಿಮದ ಮೈಗೆ ಪೂರ್ತಿ ಒಂದೇ ಕಾರ್ಖಾನೆಯದು, ಉಳಿದವು ಪೂರ್ವಕ್ಕೆ ಮತ್ತು ಜಗಲಿಗೆ.

ಪಶ್ಚಿಮದ ಇಪ್ಪತ್ತೊಂದು ಪಕಾಸುಗಳಲ್ಲಿ ಆರರ ತುದಿ ಕೊಳೆತಿತ್ತು. ಪೂರ್ತಿ ಬದಲಿಸಬೇಕಾಗಿರಲಿಲ್ಲ. ಆಚಾರ್ರು ಕೊಳೆತ ತುದಿ ಕತ್ತರಿಸಿ, ಒಳ್ಳೆ ಮರ ಸಿಕ್ಕುವ ಕಡೆ ಹದಿನೆಂಟು ಇಂಚು ಉದ್ದದ ಓರೆ ಕೊಯ್ದು, ಅದೇ ಓರೆಯ ಹೊಸ ತುಂಡು ಕೂರಿಸಿ ಎರಡೆರಡು ಬೋಲ್ಟು ಹಾಕಿದರು. ಸದಸ್ಯರೊಬ್ಬರು ತಮ್ಮ ತೋಟದ ಸಿಲ್ವರ್ ಓಕ್ ಉಚಿತವಾಗಿ ಕೊಡುತ್ತೇನೆಂದರು. ಅದಕ್ಕೆ ಗೆದ್ದಲು ಬೇಗ ಹತ್ತುತ್ತದೆ. ಸಾರುವೆಗೆ ಬಳಸಿಕೊಂಡು, ಪಕಾಸಿಗೆ ಮಾತ್ರ ಕೆಡವಿದ ಮನೆಯ ಹಳೇ ಮೋಪನ್ನೇ ಕೊಂಡೆವು. ಗೋಡೆಗೆ ತಾಗುವ ತುದಿಗಳಿಗೆಲ್ಲ ಗೇರೆಣ್ಣೆ ಎರಡು ಸಲ. ಗೇರೆಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಮತ್ತು ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ.

ರೀಪುಗಳ, ಅಂದರೆ ಹೆಂಚು ಕೂರುವ ಅಡ್ಡಪಟ್ಟಿಗಳ, ಅಂತರಕ್ಕೆ ಅಳತೆಪಟ್ಟಿಯ ಲೆಕ್ಕ ನಂಬಬಾರದು ಎಂದು ಆಚಾರ್ರು ಕಲಿಸಿದರು. ನೆಲದ ಮೇಲೆ ಹತ್ತು ಹೆಂಚು ಒಂದರ ಕೆಳಗೊಂದು ಜೋಡಿಸಿ, ಒಮ್ಮೆ ಸಾಧ್ಯವಾದಷ್ಟು ಎಳೆದು ಅಳೆ, ಒಮ್ಮೆ ಸಾಧ್ಯವಾದಷ್ಟು ತಳ್ಳಿ ಅಳೆ, ಎರಡರ ನಡುವಿನದನ್ನು ಹಿಡಿ. ಹಾಗೆ ಹಾಕಿದ ರೀಪಿನ ಮೇಲೆ ಹೆಂಚು ಬಿಗಿಯೂ ಆಗಲಿಲ್ಲ, ಸಡಿಲವೂ ಆಗಲಿಲ್ಲ. ಕೆಲಸ ಎಂದರೆ ಇದು ಎಂದು ನಾನು ಅವರಿಗೆ ಎಲ್ಲರ ಮುಂದೆಯೇ ಹೇಳಿದೆ.

ಮಾರ್ಚಿನಲ್ಲಿ ಪಶ್ಚಿಮದ ಮೈ ಅರ್ಧ ತೆರೆದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಪುಷ್ಪಗಿರಿ ಕಡೆಯಿಂದ ಮೋಡ ಕಟ್ಟಿತು. ಕಾಫಿ ಬೆಳೆಯುವ ಊರಿನಲ್ಲಿ ಆ ತಿಂಗಳ ಮಳೆಗೆ ಎಲ್ಲರೂ ಬಾಯಿ ಬಿಟ್ಟು ಕಾಯುತ್ತಿರುತ್ತಾರೆ. ಹೂಮಳೆ ಬಿದ್ದರೆ ಗಿಡ ಹೂ ಬಿಡುತ್ತದೆ, ಬೀಳದಿದ್ದರೆ ವರ್ಷವೇ ಹೋಯಿತು. ಹನಿ ಶುರುವಾದಾಗ ಬೀದಿಯಲ್ಲಿ ಜನ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು. ನಾವು ಟಾರ್ಪಾಲಿನ ಹಗ್ಗ ಹಿಡಿದು ಮಾಡಿನ ಮೇಲೆ ಓಡುತ್ತಿದ್ದೆವು. ಒಂದು ಮೂಲೆಯ ಹಗ್ಗ ಕಿತ್ತುಹೋಗಿ, ಅಷ್ಟು ದಿನ ಒಣಗಿಸಿದ ಗೋಡೆಯ ಎಂಟು ಅಡಿ ಭಾಗ ಮೇಲಿನಿಂದ ಬುಡದವರೆಗೆ ತೊಯ್ದಿತು. ಅರ್ಧ ಗಂಟೆಯ ಮಳೆ. ನಿಂತ ಮೇಲೆ ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ಅರ್ಧ ಜನ ಕಾಫಿ ಬೆಳೆಗಾರರು, ಮಳೆಗೆ ಶಾಪ ಹಾಕಲು ಅವರ ಬಾಯಿ ಬರದು. ಒಂಬತ್ತು ದಿನದ ಮೇಲೆ ತೋಟಗಳೆಲ್ಲ ಬೆಳ್ಳಗೆ ಅರಳಿ, ಕೆಲಸದ ಜಾಗಕ್ಕೂ ಮಲ್ಲಿಗೆಯಂಥ ವಾಸನೆ ಬಂತು. ಆ ಎಂಟು ಅಡಿ ಗೋಡೆಗೆ ಗಾರೆ ಹಾಕುವುದನ್ನು ಏಪ್ರಿಲ್ ಕೊನೆಗೆ ತಳ್ಳಿದೆವು.

ಗಾರೆಗೆ ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿದೆವು. ಸುಣ್ಣ ಅರಳಿಸುವಾಗ ಯಾವಾಗಲೂ ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಹಂಡೆಯೇ ಕುದಿಯುತ್ತದೆ, ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿ ಹೋಗಬಹುದು. ಕನ್ನಡಕ ಹಾಕದವರನ್ನು ಗುಂಡಿಯ ಹತ್ತಿರ ಬಿಡಲಿಲ್ಲ, ಸುಬೇದಾರರನ್ನೂ. ಅರಳಿದ ಸುಣ್ಣ ಮೂರು ವಾರ ನೀರಿನಡಿ ಕೂತು ಬೆಣ್ಣೆಯಂತಾಯಿತು. ಒಂದು ಪಾಲು ಸುಣ್ಣ, ಎರಡು ಪಾಲು ಜರಡಿ ಹಿಡಿದ ಹೊಳೆ ಮರಳು, ಒಂದು ಪಾಲು ಸುರ್ಕಿ. ಸುರ್ಕಿ ಎಂದರೆ ಇಟ್ಟಿಗೆ ಪುಡಿ. ನಮ್ಮಲ್ಲಿ ಒಡೆದ 310 ಹೆಂಚು ಇದ್ದವಲ್ಲ, ಅವನ್ನೇ ಕುಟ್ಟಿಸಿ ಪುಡಿ ಮಾಡಿಸಿದೆವು. ತೇವದ ಗೋಡೆಯಲ್ಲಿ ಸುಣ್ಣ ಗಟ್ಟಿಯಾಗಲು ಅದು ಸಹಾಯ ಮಾಡುತ್ತದೆ. ಮಾಡಿನ ಮೇಲೆ ಸವೆದ ಹೆಂಚು ಈಗ ಗೋಡೆಯೊಳಗಿದೆ. ಕಲಸುವ ನೀರಿಗೆ ಅಳಲೆಕಾಯಿ ಮತ್ತು ಬೆಲ್ಲ ನೆನೆಹಾಕಿದ ರಸ.

ಮೊದಲ ಪ್ರಯತ್ನ ಕೆಟ್ಟಿತು. ತಪ್ಪು ನನ್ನದೇ. ಬೇಗ ಮುಗಿಸುವ ಆಸೆಗೆ ಒಂದೇ ಸಲಕ್ಕೆ ಮುಕ್ಕಾಲು ಇಂಚು ದಪ್ಪ ಹಾಕಿಸಿದೆ, ಕಿಟಕಿಗಳನ್ನೂ ತೆರೆದಿಟ್ಟೆ. ಮೂರನೇ ದಿನ ಬೆಳಿಗ್ಗೆ ಗೋಡೆಯ ಮೇಲೆ ಕೆರೆಯ ತಳ ಬಿರಿದಂತೆ ಬಿರುಕು. ಕರಣೆಯ ತುದಿ ಕೊಟ್ಟರೆ ಹಪ್ಪಳದಂತೆ ಎದ್ದು ಬಂತು. ಹನ್ನೆರಡು ಅಡಿ ಉದ್ದದಷ್ಟನ್ನು ಕೆರೆದು ತೆಗೆದೆವು. ಎರಡನೇ ಸಲ ಗೋಡೆಯನ್ನು ಹಿಂದಿನ ದಿನವೇ ನೆನೆಸಿ, ಮೂರು ನೂಲು ದಪ್ಪದ ಪದರ ಹಾಕಿ, ಗೀರು ಕೊಟ್ಟು, ಒಂದು ವಾರ ಬಿಟ್ಟು ಎರಡನೇ ಪದರ. ಗೋಡೆಯ ಮುಂದೆ ಒದ್ದೆ ಗೋಣಿಚೀಲ ಇಳಿಬಿಟ್ಟು ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆವು. ಗಾರೆಯವರ ತಂಡದಲ್ಲಿದ್ದ ಹೆಂಗಸೊಬ್ಬರು ಪ್ರತಿ ಸಂಜೆ ಹಸಿ ಗಾರೆಯನ್ನು ಮರದ ಹಲಗೆಯಿಂದ ಮೆಲ್ಲಗೆ ಬಡಿಯುತ್ತಿದ್ದರು. “ಮಗೂನ ತಟ್ಟಿದ ಹಾಗೆ ತಟ್ಬೇಕು ಸಾರ್, ಇಲ್ದಿದ್ರೆ ಬಿರಿಯುತ್ತೆ” ಎಂದರು. ಅವರು ತಟ್ಟಿದ ಕಡೆ ಒಂದೂ ಬಿರುಕಿಲ್ಲ. ಮೇಲೆ ಬರೀ ಸುಣ್ಣ ಬಳಿದಿದ್ದೇವೆ. ಪ್ಲಾಸ್ಟಿಕ್ ಪೇಂಟು ಈ ಗೋಡೆಗೆ ಇನ್ನು ಮುಂದೆ ಯಾರೂ ಬಳಿಯಬಾರದು ಎಂದು ಸಭೆಯ ಪುಸ್ತಕದಲ್ಲಿ ಬರೆಸಿದ್ದೇನೆ.

ಇನ್ನು ಫಲಕ.

ಕೊಳೆತ ಒಂದು ಗೇಣನ್ನು ಕತ್ತರಿಸುವ ಮೊದಲು ಅಲ್ಲಿದ್ದ ಹೆಸರುಗಳನ್ನು ಓದಬೇಕಿತ್ತು. ಹಗಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ಬಹುತೇಕ ತಾಗಿಸಿ ಓರೆಯಾಗಿ ಹಿಡಿದೆ. ಬಣ್ಣ ಹೋಗಿದ್ದರೂ ಎನಾಮೆಲ್ ಇದ್ದ ಕಡೆ ಮರ ಕಡಿಮೆ ಸವೆದಿತ್ತು. ಅಕ್ಷರಗಳು ಕೂದಲೆಳೆಯಷ್ಟು ಎತ್ತರಕ್ಕೆ ಉಬ್ಬಿ, ನೆರಳು ಬಿಟ್ಟು ಎದ್ದು ನಿಂತವು. ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲಿನಿಂದ ಉಜ್ಜಿ ಇಳಿಸಿಕೊಂಡೆವು. ಕೆಳಸಾಲಿನ ನಾಲ್ಕು ಹೆಸರುಗಳಲ್ಲಿ ಮೂರು ಪೂರ್ತಿ ಸಿಕ್ಕವು. ನಾಲ್ಕನೆಯದರಲ್ಲಿ ‘ಲ್ಯಾನ್ಸ್ ನಾಯಕ್’, ನಂಬರಿನ ಕೊನೆಯ ಮೂರು ಅಂಕಿ, ‘1971’, ಹೆಸರಿನ ಕೊನೆಯ ಎರಡಕ್ಷರ ಮಾತ್ರ.

ಭವನ ಕಟ್ಟಿದವರ ಪುಸ್ತಕಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಹೋಗಿವೆ. ಏಪ್ರಿಲ್ ಮೊದಲ ಶನಿವಾರದ ಸಭೆಯಲ್ಲಿ ಆ ಮೂರು ಅಂಕಿ ಓದಿ ಹೇಳಿದೆ. ಎರಡು ವಾರ ಬಿಟ್ಟು ಬೆಟ್ಟದ ಕೆಳಗಿನ ಹಳ್ಳಿಯಿಂದ ಹುಡುಗನೊಬ್ಬ ತನ್ನ ಅಜ್ಜಿಯ ಪಿಪಿಒ ತಂದ, ಪಿಂಚಣಿ ಮಂಜೂರಾದ ಕಾಗದ. ಮಡಿಕೆಯಲ್ಲಿ ಹರಿದು ಹಿಂದೆ ಬಟ್ಟೆ ಅಂಟಿಸಿತ್ತು. ಅಂಕಿ ಮೂರೂ ಹೊಂದಿದವು, ರ‍್ಯಾಂಕು ಹೊಂದಿತು.

ಆದರೆ ಕಾಗದ ಇದ್ದದ್ದು ಇಂಗ್ಲಿಷಿನಲ್ಲಿ. ಆ ಹೆಸರಿನ ನಡುವಿನ ಅಕ್ಷರ ಕನ್ನಡಕ್ಕೆ ಬಂದಾಗ ‘ದ’ ಆಗುತ್ತದೋ ‘ಡ’ ಆಗುತ್ತದೋ ಕಾಗದ ಹೇಳುವುದಿಲ್ಲ. ಫಲಕದಲ್ಲಿ ಆ ಜಾಗದಲ್ಲಿ ತಲೆಕಟ್ಟು ಮಾತ್ರ ಉಳಿದಿತ್ತು, ಎರಡೂ ಅಕ್ಷರಕ್ಕೆ ತಲೆಕಟ್ಟು ಒಂದೇ. ಹುಡುಗನೂ ತಡವರಿಸಿದ, ಮನೆಯಲ್ಲಿ ತಾತನ ಪೂರ್ತಿ ಹೆಸರು ಯಾರೂ ಹೇಳುವುದಿಲ್ಲವಂತೆ. ಅಜ್ಜಿಯನ್ನೇ ಜೀಪಿನಲ್ಲಿ ಕರೆತಂದರು. ಗಂಡನ ಹೆಸರು ಹೇಳಿ ಎಂದು ಕೇಳುವುದು ನನಗೂ ಕಷ್ಟವಾಯಿತು, ಆ ಕಾಲದವರು ಬಾಯಲ್ಲಿ ಹೇಳುವವರಲ್ಲ. ಅಜ್ಜಿ ಸ್ವಲ್ಪ ಹೊತ್ತು ಸೆರಗಿನ ತುದಿ ಹಿಡಿದುಕೊಂಡು ನಿಂತರು. ಆಮೇಲೆ ಸ್ಪಷ್ಟವಾಗಿ, ಒಂದೇ ಸಲ ಹೇಳಿದರು. ‘ಡ’.

ತಮ್ಮ ಗಂಡನ ಹೆಸರು ಇಲ್ಲಿ ಬರೆದಿದ್ದಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. “ಯಾರು ಬರ್ಸಿದ್ರು?” ಎಂದು ಕೇಳಿದರು. “ಜೊತೆಯಲ್ಲಿದ್ದವರು ಅಜ್ಜಿ” ಎಂದೆ. ಅದಕ್ಕಿಂತ ಹೆಚ್ಚು ನನಗೆ ತಿಳಿದಿಲ್ಲ. ಪಕ್ಕದಲ್ಲಿ ಒರೆಸಿಟ್ಟಿದ್ದ ದೇವಯ್ಯನವರ ಫೋಟೋ ಕಡೆ ನನ್ನ ಕಣ್ಣು ಹೋಯಿತು. 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ವಿಮಾನದಲ್ಲಿ ಸರ್ಗೋಧಾ ಕಡೆ ಹೋಗಿ, ತನಗಿಂತ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದು ಉರುಳಿಸಿ, ಮರಳದೆ ಹೋದವರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಅಷ್ಟು ವರ್ಷ ಅವರ ಮನೆಯವರು ಕಾದರು.

ಹಲಗೆಯ ಕೊಳೆತ ಭಾಗ ಕತ್ತರಿಸಿ ಹಳೇ ಸಾಗುವಾನಿಯ ಪಟ್ಟಿ ಕೂಡಿಸಿದೆವು. ಕುಂಚದಲ್ಲಿ ಬೋರ್ಡ್ ಬರೆಯುವವರು ಈಗ ಸಿಗುವುದು ಕಷ್ಟ, ಫ್ಲೆಕ್ಸ್ ಬಂದ ಮೇಲೆ ಹೆಚ್ಚಿನವರು ಕೆಲಸ ಬಿಟ್ಟಿದ್ದಾರೆ. ಪಕ್ಕದ ಪೇಟೆಯಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ಅವರು ಮೊದಲು ಪೂರ್ತಿ ಫಲಕ ಹೊಸದಾಗಿ ಬರೆಯುತ್ತೇನೆಂದರು. ಬೇಡ ಎಂದೆವು. ಓದಲು ಬರುವ ಹೆಸರನ್ನು ಮುಟ್ಟಬಾರದು, ಅದನ್ನು ಬರೆದ ಕೈ ಅವರ ಜೊತೆ ಪರೇಡ್ ಮಾಡಿದ್ದಿರಬಹುದು. ಕೆಳಸಾಲು ಮಾತ್ರ ಬರೆಯಿಸಿದೆವು. ಅವರು ಉಜ್ಜಿದ ಕಾಗದಗಳನ್ನು ಅರ್ಧ ದಿನ ನೋಡಿ, ಹಳೇ ಕೈಯ ‘ಯ’ ಹೇಗೆ ಬಾಗುತ್ತದೆ, ಸೊನ್ನೆ ಎಷ್ಟು ಚಪ್ಪಟೆ ಎಂದು ಕಲಿತುಕೊಂಡು, ಕೋಲಿಗೆ ಮಣಿಕಟ್ಟು ಆನಿಸಿ ಬರೆದರು. ನಾಲ್ಕು ಹೆಸರಿಗೆ ಎರಡು ದಿನ.

ಮೇ ಕೊನೆಯ ವಾರ ಫಲಕ ಗೋಡೆಗೆ ಹೋಯಿತು. ಈ ಸಲ ಹಿಂದೆ ಒಂದೊಂದು ಇಂಚು ದಪ್ಪದ ಎಂಟು ಮರದ ಗುಬ್ಬಿ ಕೊಟ್ಟು, ಹಿಂಬದಿಗೆ ಗಾಳಿಯಾಡುವಂತೆ ಕೂರಿಸಿದ್ದೇವೆ. ಫೋಟೋಗಳಿಗೂ ಹಾಗೇ, ಕೆಳಗಿನ ಎರಡು ಮೂಲೆಗೆ ಬೆಂಡಿನ ಬಿಲ್ಲೆ. ಒಟ್ಟು ಖರ್ಚು 2,14,000 ರೂಪಾಯಿ. ಅದು ಸದಸ್ಯರ ವಂತಿಗೆ. ಶ್ರಮದಾನಕ್ಕೆ ಲೆಕ್ಕ ಹಾಕಿಲ್ಲ.

ಜುಲೈ ಎರಡನೇ ವಾರ, ಎಡೆಬಿಡದೆ ಆರು ದಿನ ಮಳೆ ಹೊಡೆದ ಮೇಲೆ, ಪ್ಲಾಸ್ಟಿಕ್ ಹಾಳೆಯನ್ನು ಅದೇ ಜಾಗದಲ್ಲಿ ಮತ್ತೆ ಅಂಟಿಸಿ ಎರಡು ರಾತ್ರಿ ಬಿಟ್ಟೆ. ಒಳಮೈ ಮೇಲೆ ಹನಿ ಇನ್ನೂ ಇವೆ, ಆದರೆ ಕೆಳಗಿನ ಎಂಟು ಇಂಚಿನಲ್ಲಿ ಮಾತ್ರ. ಕಾಲುವೆಯ ಪೈಪಿನಿಂದ ತೋಡಿಗೆ ಹೆಬ್ಬೆರಳು ದಪ್ಪದ ನೀರು ಬೀಳುತ್ತಿದೆ. ಅಡುಗೆಮನೆಯ ಮಾಡು ಹಾಲಿನ ಗೋಡೆಗೆ ಕೂಡುವ ಮೂಲೆಯಲ್ಲಿ ಸೋರುತ್ತಿದೆ, ಕೆಳಗೆ ಬಾಂಡ್ಲಿ ಇಟ್ಟಿದ್ದೇವೆ. ಅದನ್ನು ಬಿಚ್ಚುವುದು ನವೆಂಬರಿನಲ್ಲಿ, ಗೋಡೆಗೆ ಕೈ ಇಟ್ಟು ನೋಡಿದ ಮೇಲೆ.